ಮೇಜಿನ ಮೇಲೆ ಒಂದೇ ಡಬ್ಬಿ

ಸೆಪ್ಟೆಂಬರ್ 6, ಶುಕ್ರವಾರ

ಬರೆಯಲು ನನಗೆ ಕೈ ಓಡುವುದಿಲ್ಲ. ಅದಕ್ಕೇ ಫೋನಿಗೆ ಹೇಳುತ್ತಿದ್ದೇನೆ, ಮರದ ಮಿಲ್ಲಿನ ಎರಡನೇ ಪಾಳಿ ಮುಗಿಸಿ ಬಂದು, ಪಿಕಪ್ ಗಾಡಿಯಲ್ಲೇ ಕೂತು. ಒಳಗೆ ಹೋಗಿ ಮಾತಾಡಿದರೆ ಮನೆ ಮಾಲೀಕರಿಗೆ ಕೇಳಿಸುತ್ತದೆ. ಓರೆಸ್ಟ್ ಅವರಿಗೆ ಎಪ್ಪತ್ತೊಂದು. ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ನಿನ ಸರದಿಗೆ ಕಾಯುತ್ತಿದ್ದಾರೆ. ಕಿವಿ ಮಾತ್ರ ಇನ್ನೂ ಬೇಟೆಗಾರನದೇ.

ಪೂರ್ವ ಕಡಲಿನ ನ್ಯೂಫೌಂಡ್‌ಲ್ಯಾಂಡಿನ ನಮ್ಮ ದ್ವೀಪ ಬಿಟ್ಟು ಮೂರು ವರ್ಷ. ಪಶ್ಚಿಮದ ಈ ಆಲ್ಬರ್ಟಾದಲ್ಲಿ ಇದು ನನಗೆ ಐದನೇ ಊರು. ಒಂದು ಕಡೆ ಕೆಲಸ ಹೋಯಿತು, ಒಂದು ಕಡೆ ಜಗಳ, ಎರಡು ಕಡೆ ಸುಮ್ಮನೆ ಬೇಜಾರು. ಇಲ್ಲಿಂದಲೂ ಎದ್ದು ಹೋಗೋಣ ಎಂದು ವಾರಕ್ಕೊಮ್ಮೆ ಅನ್ನಿಸುತ್ತದೆ. ಆದರೆ ನೆಲಮಾಳಿಗೆಯಲ್ಲಿ ನನ್ನ ಕೋಣೆಯ ಪಕ್ಕದಲ್ಲೇ ಅವರ ಮೇಜಿದೆ. ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾಗಳಿಗೆ ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸುವ ಮೇಜು. ಇವತ್ತು ಬೆಳಿಗ್ಗೆ ಮೊದಲ ಸಲ ನನ್ನನ್ನು ಅಲ್ಲಿಗೆ ಕರೆದರು. ನಾನು ಖುಷಿಯಲ್ಲಿ ಅಜ್ಜನ ಅಳತೆ ಚಮಚ ಹಿಡಿದುಕೊಂಡು ಹೋದೆ. ಹಳೆಯ ತೋಟಾ ಒಂದನ್ನು ಅರ್ಧಕ್ಕೆ ಕತ್ತರಿಸಿ, ತಂತಿಯ ಹಿಡಿ ಬೆಸೆದು ಅಜ್ಜ ಮಾಡಿದ್ದು.

"ಏನೋ ಅದು? ಟೀ ಪುಡಿ ಹಾಕೋ ಚಮಚಾನಾ?"

"ಅಜ್ಜ ಮದ್ದು ಅಳೀತಿದ್ದಿದ್ದು. ಕಡಲಹಕ್ಕಿ ಬೇಟೆಗೆ ದೋಣಿಯಲ್ಲಿ ಕೂತೇ ತೋಟಾ ತುಂಬೋರು. ನಲವತ್ತು ವರ್ಷ. ಒಂದು ಬೆರಳೂ ಹೋಗ್ಲಿಲ್ಲ."

"ದೋಣಿ ಮೇಲೆ ತಕ್ಕಡಿ ನಿಲ್ಲಲ್ಲ, ಅದಕ್ಕೆ ಚಮಚ. ಇಲ್ಲಿ ನೆಲ ಅಲ್ಲಾಡಲ್ಲ ಮೀನಪ್ಪ."

ಮೀನು ಹಿಡಿಯುವ ಸೀಮೆಯಿಂದ ಬಂದವನು ನಾನು, ಅದಕ್ಕೆ ಮೀನಪ್ಪ. ಸೆಲ್ಬಿ ಎಂಬ ನನ್ನ ಹೆಸರು ಅವರ ಬಾಯಲ್ಲಿ ಇನ್ನೂ ಬಂದಿಲ್ಲ.

ಅವರ ಪ್ರಕಾರ ಚಮಚದ ಅಳತೆ ಅಳತೆಯೇ ಅಲ್ಲ. ರಸ್ತೆಯಲ್ಲಿ ಲಾರಿ ಹೋದರೂ ಮದ್ದು ಕುಕ್ಕಿಕೊಂಡು ಕೂರುತ್ತದೆ, ಅದೇ ಚಮಚಕ್ಕೆ ಹೆಚ್ಚು ಹಿಡಿಯುತ್ತದೆ. ಕೈಗೆ ಸಿಟ್ಟು ಬಂದರೂ ಅಷ್ಟೇ. ತೂಕ ಮಾತ್ರ ಯಾರ ಮುಲಾಜೂ ನೋಡುವುದಿಲ್ಲ. ಭೂತಗನ್ನಡಿ ಹಿಡಿದು ತಕ್ಕಡಿಯ ಮುಳ್ಳು ನೋಡುತ್ತಾ ಒಂದೊಂದೇ ತೋಟಾದ ಮದ್ದು ತೂಗುತ್ತಾರೆ. ಮದ್ದಿನ ಡಬ್ಬಿಗಳೆಲ್ಲ, ನನ್ನದೂ ಸೇರಿ, ಕಪಾಟಿನಲ್ಲಿ, ಒಂದರ ಮದ್ದು ಇನ್ನೊಂದಕ್ಕೆ ಬೆರೆಯದ ಹಾಗೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡೇ ಸಾಲು. ಪ್ರತಿಯೊಂದನ್ನೂ ತೂಗು. ಮೇಜಿನ ಮೇಲೆ ಒಂದೇ ಡಬ್ಬಿ.

ಸೆಪ್ಟೆಂಬರ್ 15, ಭಾನುವಾರ

ಮಗಳು ಲೇಸ್ಯಾ ಊಟಕ್ಕೆ ಬಂದಿದ್ದರು. ನಲವತ್ತರ ಹೆಂಗಸು, ಪೇಟೆಯಲ್ಲಿ ಕ್ಷೌರದಂಗಡಿ. ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬೇಯಿಸಿ, ಹುರಿದ ಈರುಳ್ಳಿ ಸುರಿದು, ನನ್ನ ತಟ್ಟೆಗೆ ಎರಡೆರಡು ಸಲ ಬಡಿಸಿದರು. ಏಳು ವರ್ಷ ಅರ್ಜಿ ಹಾಕಿ ಹಾಕಿ ಈ ವರ್ಷ ಅವರಿಗೆ ಮೂಸ್ ಬೇಟೆಯ ಚೀಟಿ ಎದ್ದಿದೆಯಂತೆ. ಅಪ್ಪನ ಖುಷಿ ನೋಡಬೇಕಿತ್ತು. ಕುದುರೆಗಿಂತ ಎತ್ತರದ ಆ ಪ್ರಾಣಿ ಆಗಲೇ ಅಂಗಳದಲ್ಲಿ ಬಿದ್ದಿದೆಯೇನೋ ಎಂಬಂತೆ ಮಾಂಸ ಪಾಲು ಮಾಡಿದರು.

"ನಿನ್ನ ಇಪ್ಪತ್ತು ತೋಟಾ ನಾನೇ ತುಂಬ್ತೀನಿ. ಅಂಗಡೀದು ಬೇಡ."

"ಸೆಲ್ಬಿ ಕೈಲಿ ತುಂಬಿಸಪ್ಪಾ, ಚಮಚದಲ್ಲಿ. ಅರ್ಧ ಗಂಟೇಲಿ ಮುಗಿಯುತ್ತೆ."

"ಆಮೇಲೆ ನಿನ್ನ ಮೂಗು ಎಲ್ಲಿ ಬಿತ್ತು ಅಂತ ಕಾಡೆಲ್ಲಾ ಹುಡುಕ್ಬೇಕು."

"ಹತ್ತು ಸಲ ಚಮಚದಲ್ಲಿ ಅಳೆದು, ಹತ್ತನ್ನೂ ತೂಗಿ ನೋಡಿದ್ರಾಯ್ತು. ಜಗಳ ಯಾಕೆ?"

"ನೋಡೋದೇನಿದೆ ಅದ್ರಲ್ಲಿ," ಎಂದರು ಮುದುಕರು.

ಊಟವಾದ ಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಲೇಸ್ಯಾ ನನ್ನ ಕೂದಲು ಕತ್ತರಿಸಿದರು. ಎಡಗೈ ಬೆರಳುಗಳ ನಡುವೆ ಕೂದಲನ್ನು ಎತ್ತಿ ಹಿಡಿಯುತ್ತಾರೆ, ಬಲಗೈಯ ಕತ್ತರಿ ಸುಮ್ಮನೆ ಹಿಂಬಾಲಿಸುತ್ತದೆ. "ಅಳತೆಪಟ್ಟಿ ಇಲ್ಲ ನೋಡು," ಎಂದು ನಕ್ಕರು. "ಅಪ್ಪನಿಗೆ ಹೇಳ್ಬೇಡ." ಅವರು ಸೆಲ್ಬಿ ಎನ್ನುತ್ತಾರೆ. ಮೂರು ವರ್ಷದಲ್ಲಿ ಯಾರಾದರೂ ನನ್ನ ತಲೆ ಮುಟ್ಟಿದ್ದು ಇದೇ ಮೊದಲು.

ಸೆಪ್ಟೆಂಬರ್ 19, ಗುರುವಾರ

ಗೆದ್ದೆ!

ಓರೆಸ್ಟ್ ಕಣ್ಣಿನ ಡಾಕ್ಟರ ಬಳಿ ಹೋಗಿದ್ದರು. ಪಾಳಿಗೆ ಇನ್ನೂ ಎರಡು ಗಂಟೆ ಇತ್ತು. ಹಕ್ಕಿ ಹೊಡೆಯುವ ನನ್ನ ಬಂದೂಕಿನ ಮದ್ದಿನ ಡಬ್ಬಿ ತೆಗೆದು ಒಂದು ಬಟ್ಟಲಿಗೆ ಸುರಿದುಕೊಂಡೆ. ಅಜ್ಜ ಹೇಳಿಕೊಟ್ಟ ಹಾಗೆಯೇ ಮಾಡಿದೆ. ಚಮಚವನ್ನು ಒತ್ತುವುದಿಲ್ಲ, ಮುಳುಗಿಸಿ ಎತ್ತುವುದು, ರಟ್ಟಿನ ಚೂರಿನಿಂದ ಮೇಲ್ಮಟ್ಟ ಸವರುವುದು, ಉಸಿರು ಬಿಗಿ ಹಿಡಿಯುವುದು. ಹತ್ತು ಸಲ ಅಳೆದು ಹತ್ತನ್ನೂ ತೂಗಿದೆ. ಎಂಟು ಒಂದೇ ತೂಕ. ಎರಡರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ.

ಆಮೇಲೆ ಅನ್ನಿಸಿತು, ಅವರದೇ ಮದ್ದಿನಲ್ಲಿ ತೋರಿಸಿದರೆ ಮಾತೇ ಆಡುವ ಹಾಗಿಲ್ಲ. ಅವರ ರೈಫಲ್ ಮದ್ದಿನ ಡಬ್ಬಿಯನ್ನೂ ಇಳಿಸಿ ಇನ್ನೊಂದು ಬಟ್ಟಲಿಗೆ ಹಾಕಿಕೊಂಡೆ. ಅದರ ಕಾಳು ಸ್ವಲ್ಪ ದಪ್ಪ, ನನ್ನದು ಸಣ್ಣ. ಎರಡೂ ಕಪ್ಪು. ಮತ್ತೆ ಹತ್ತು ಸಲ. ಒಂಬತ್ತು ಒಂದೇ! ಕಾಗದದಲ್ಲಿ ಮೇಲೆ ನನ್ನದು, ಕೆಳಗೆ ಅವರದು ಎಂದು ಬರೆದೆ.

ಅಷ್ಟರಲ್ಲಿ ಅವರ ಗಾಡಿ ಅಂಗಳಕ್ಕೆ ಬಂದ ಸದ್ದು. ಮೇಜಿನ ಮೇಲೆ ಎರಡು ಡಬ್ಬಿ ಕಂಡರೆ ಅಲ್ಲೇ ನನ್ನ ತಿಥಿ. ಬಟ್ಟಲುಗಳನ್ನು ಡಬ್ಬಿಗೆ ವಾಪಸ್ ಸುರಿದು, ಕಪಾಟಿಗೆ ತಳ್ಳಿ, ಮೆಟ್ಟಿಲು ಹತ್ತಿ ಹಿಂಬಾಗಿಲಿನಿಂದ ಓಡಿದೆ. ಪಾಳಿ ಪೂರ್ತಿ ಒಬ್ಬನೇ ನಗುತ್ತಿದ್ದೆ.

ಸೆಪ್ಟೆಂಬರ್ 20, ಶುಕ್ರವಾರ

ಬೆಳಿಗ್ಗೆ ನನ್ನ ಡಬ್ಬಿ ಎತ್ತಿದೆ. ಹಗುರ.

ಅವರ ಡಬ್ಬಿ ಎತ್ತಿದೆ. ನಿನ್ನೆಗಿಂತ ಭಾರ ಎಂದು ಕೈಗೆ ಅನ್ನಿಸಿತು. ಎರಡು ಬಟ್ಟಲೂ ಅದರೊಳಕ್ಕೇ ಹೋಗಿವೆಯೇ? ಗೊತ್ತಿಲ್ಲ. ಮುಚ್ಚಳ ತೆಗೆದು ನೋಡಬಹುದಿತ್ತು. ತೆಗೆಯಲಿಲ್ಲ. ಬಂದೂಕಿನ ಮದ್ದು ಭಗ್ಗನೆ ಉರಿಯುವುದು, ರೈಫಲ್ಲಿನದು ನಿಧಾನ. ಎರಡೂ ಬೆರೆತರೆ ಕೈಯಲ್ಲೇ ಸಿಡಿಯುತ್ತದೆ ಎಂದು ಅಜ್ಜ ಹೇಳಿಯೇ ಕಲಿಸಿದ್ದು.

ನಾಳೆ ಹೇಳುತ್ತೇನೆ. ಬೈಯುತ್ತಾರೆ, ಡಬ್ಬಿ ಚೆಲ್ಲುತ್ತಾರೆ, ಅಷ್ಟೇ. ಮನೆ ಬಿಡು ಎನ್ನಲಿಕ್ಕಿಲ್ಲ. ಎಂದರೂ ಎನ್ನಬಹುದು. ಆದರೂ ನಾಳೆ ಹೇಳುತ್ತೇನೆ, ಊರಿನ ಬೇಟೆಗಾರರ ಕ್ಲಬ್ಬಿನಲ್ಲಿ ನನ್ನ ಹತ್ತು ತೂಕ ತೋರಿಸಿದ ಮೇಲೆ. ಅವರಿಗೆ ನನ್ನ ಮೇಲೆ ಸ್ವಲ್ಪ ಮರ್ಯಾದೆ ಬಂದಿರುತ್ತದೆ.

ಸೆಪ್ಟೆಂಬರ್ 21, ಶನಿವಾರ

ಕಾಗದದ ಕೆಳಗಿನ ಅರ್ಧ ಹರಿದು, ನನ್ನ ಮದ್ದಿನ ಹತ್ತು ತೂಕ ಮಾತ್ರ ಕ್ಲಬ್ಬಿಗೆ ಒಯ್ದೆ. ಹದಿನೈದು ಜನ ಕಾಫಿ ಕುಡಿಯುತ್ತಿದ್ದರು. ಮುದುಕ ಕಾಗದವನ್ನು ಭೂತಗನ್ನಡಿಯಲ್ಲಿ ಓದಿದ. ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಓದಿದ.

"ಎಂಟು ಸರಿ, ಎರಡು ತಪ್ಪು. ಬನ್ರಪ್ಪಾ, ಚೀಟಿ ಎತ್ತೋಣ. ಆ ಎರಡು ತೋಟಾ ಯಾರ ಮುಖದ ಮುಂದೆ ಸಿಡೀಬೇಕು?"

"ನನ್ನ ಹೆಂಡ್ತಿ ಹೆಸ್ರು ಬರಿ ಗುರು!" ಎಂದ ವರ್ನ್. ಕ್ಲಬ್ಬಿನ ಕಾರ್ಯದರ್ಶಿ ಅವನು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುದುಕ ನನ್ನ ಕೈಯಿಂದ ಚಮಚ ಕಿತ್ತುಕೊಂಡು ನೋಟಿಸ್ ಬೋರ್ಡಿಗೆ ನೇತುಹಾಕಿದ. ಕೆಳಗೆ ಬರೆದ: "ಮೀನಿನವರ ತಕ್ಕಡಿ." ಅದು ಅಜ್ಜ ಸತ್ತಾಗ ನನಗೆ ಸಿಕ್ಕ ಒಂದೇ ವಸ್ತು. ಎಲ್ಲರೂ ಹೊರಗೆ ಹೋದ ಮೇಲೆ ತೆಗೆದುಕೊಂಡು ಬಂದೆ.

ದಾರಿಯಲ್ಲಿ ಗಾಡಿಯಲ್ಲಿ ಅವನ ಪಕ್ಕದಲ್ಲೇ ಕೂತಿದ್ದೆ. ಹೇಳುವುದಕ್ಕೆ ಇಪ್ಪತ್ತು ನಿಮಿಷ ಇತ್ತು. ಬಾಯಿ ಬರಲಿಲ್ಲ. ಬರಬೇಕಾದರೂ ಯಾಕೆ?

ಸೆಪ್ಟೆಂಬರ್ 29, ಭಾನುವಾರ

ಇವತ್ತು ಮುದುಕ ಲೇಸ್ಯಾಳ ಇಪ್ಪತ್ತು ತೋಟಾ ತುಂಬಿದ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ, ನೋಡಿ ಕಲಿ ಎಂದು.

ಒಂದೊಂದೇ ಚಿಟಿಕೆ ಹಾಕಿ ಮುಳ್ಳು ನಿಲ್ಲುವ ತನಕ ಕಾದು, ತೋಟಾದ ಕೊಳವೆಗೆ ಸುರಿಯುತ್ತಾನೆ. ಇಪ್ಪತ್ತು ಸಾಲಾಗಿ ನಿಂತವು. ನಾನು ದೀಪ ಹಿಡಿದು ಬಗ್ಗಿ ನೋಡಿದೆ. ಕಳೆದ ಸಲ ಅವನು ತುಂಬಿದಾಗ ಮದ್ದು ಕೊಳವೆಯ ಕತ್ತಿನ ಬುಡದವರೆಗೂ ಬಂದಿತ್ತು. ಈಗ ಉಗುರಿನಷ್ಟು ಕೆಳಗಿದೆ. ದಪ್ಪ ಕಾಳಿನ ಸಂದಿಯಲ್ಲಿ ಸಣ್ಣ ಕಾಳು ಕೂತರೆ ಹಾಗೇ ಆಗುವುದು. ತೂಕ ಅಷ್ಟೇ, ಮಟ್ಟ ಇಳಿದಿದೆ.

"ಮಟ್ಟ ಕಡಿಮೆ ಇದ್ದ ಹಾಗಿದೆ," ಎಂದೆ.

"ಏನು?"

"ಮದ್ದು. ಹೋದ ಸಲಕ್ಕಿಂತ ಕೆಳಗಿದೆ."

"ತಕ್ಕಡಿ ಏನಂತು?"

"ಸರಿ ಅಂತು."

"ತಕ್ಕಡಿ ಹೇಳಿದ್ಮೇಲೆ ಮುಗೀತು. ಕಣ್ಣಳತೆ, ಚಮಚದಳತೆ ಎಲ್ಲಾ ನಿಮ್ಮ ದೋಣೀಲಿ ಇಟ್ಕೋ."

ಗುಂಡು ಕೂರಿಸಿ ಒತ್ತತೊಡಗಿದ. ನಾನು ಹೇಳಿದ್ದೇನೆ. ಹೇಳಲಿಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಅಷ್ಟು ದೊಡ್ಡ ಬೇಟೆಗಾರ, ಅಷ್ಟು ವರ್ಷದ ಅನುಭವ, ಅವನಿಗೆ ಗೊತ್ತಾಗಬೇಕು.

ಬಹುಶಃ ಬೆರೆತೇ ಇಲ್ಲ. ಕೈಗೆ ಭಾರ ಅನ್ನಿಸಿದ್ದು ನನ್ನ ಭ್ರಮೆ ಇರಬಹುದು.

ಅಕ್ಟೋಬರ್ 12, ಶನಿವಾರ

ಲೇಸ್ಯಾ ಕ್ಲಬ್ಬಿನ ಮೈದಾನದಲ್ಲಿ ಗುರಿ ಸರಿಮಾಡಿಕೊಳ್ಳುತ್ತಿದ್ದರು. ಎರಡು ಗುಂಡು ಸರಿಯಾಗಿ ಹೋದವು. ಮೂರನೆಯದಕ್ಕೆ ರೈಫಲ್ ಒಡೆಯಿತು.

ಎಡಗೈ.

ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು. ಮುದುಕ ಮಗಳ ಮಣಿಕಟ್ಟು ಬಿಗಿಹಿಡಿದುಕೊಂಡು "ನನ್ನ ಕೂಸು, ನನ್ನ ಕೂಸು" ಎನ್ನುತ್ತಿದ್ದ. ಆ ಸದ್ದು ಈಗಲೂ ಗಾಡಿಯೊಳಗೆ ಇದೆ.

ಅಕ್ಟೋಬರ್ 13, ಭಾನುವಾರ

ಎರಡು ಬೆರಳು ತೆಗೆದರು. ತೋರುಬೆರಳು, ನಡುಬೆರಳು.

ನಾನು ಹೇಳಿದ್ದೆ.

ಅಕ್ಟೋಬರ್ 17, ಗುರುವಾರ

ವರ್ನ್ ಬಂದು, ಉಳಿದ ಹದಿನೇಳು ತೋಟಾಗಳನ್ನು ಮುದುಕನ ಎದುರಿಗೇ ಬಿಚ್ಚಿದ. ಒಂದೊಂದರ ಮದ್ದನ್ನೂ ತೂಗಿದ. ಹದಿನೇಳೂ ಕೂದಲೆಳೆ ಆಚೀಚೆ ಇಲ್ಲ. ಮುದುಕನ ಮುಖಕ್ಕೆ ಸ್ವಲ್ಪ ಕಳೆ ಬಂತು. ಆಮೇಲೆ ವರ್ನ್ ಒಂದು ಚಿಟಿಕೆಯನ್ನು ಬಿಳಿ ಕಾಗದದ ಮೇಲೆ ಹರಡಿ, ದೀಪ ಹತ್ತಿರ ತಂದ.

"ಓರೆಸ್ಟ್, ಇದ್ರಲ್ಲಿ ಎರಡು ಥರದ ಕಾಳಿದೆ ಮಾರಾಯ."

ಮುದುಕ ಭೂತಗನ್ನಡಿ ಹಿಡಿದು ಬಗ್ಗಿದ. ಎಷ್ಟು ಹೊತ್ತು ನೋಡಿದ ಎಂದರೆ ವರ್ನ್ ಬೇರೆ ಕಡೆ ತಿರುಗಿ ನಿಂತ.

"ನನಗೆ ಕಾಣ್ತಿಲ್ಲ," ಎಂದ ಮುದುಕ.

ಡಬ್ಬಿ ತೆರೆದು ನೋಡಿದರು. ಅದರಲ್ಲೂ ಹಾಗೇ. ವರ್ನ್ ನನ್ನ ಕಡೆ ತಿರುಗಿದ.

"ಸೆಲ್ಬಿ, ಆ ಸಣ್ಣ ಕಾಳು ನಿನ್ನ ಬಂದೂಕಿನ ಮದ್ದು. ಅವತ್ತು ಹತ್ತು ಸಲ ತೂಗಿದ್ಯಲ್ಲ, ಆಗ ಇವರ ಡಬ್ಬಿ ಕೆಳಗೆ ಇಳಿಸಿದ್ಯಾ?"

"ಇಲ್ಲ."

"ಮುಟ್ಟಿಲ್ವಾ?"

"ಮೇಜಿನ ಮೇಲೆ ನನ್ನದೊಂದೇ ಡಬ್ಬಿ ಇತ್ತು."

ನನ್ನ ದನಿ ನಡುಗಲೇ ಇಲ್ಲ. ಆಶ್ಚರ್ಯವಾಯಿತು.

ವರ್ನ್ ಇನ್ನೇನೋ ಕೇಳಲು ಬಾಯಿ ತೆರೆದ. ಮುದುಕ ಕೈ ಎತ್ತಿದ. "ಬಿಡು ವರ್ನ್. ನಾನೇ. ಅವನ ಡಬ್ಬೀನ ನನ್ನದು ಅಂದ್ಕೊಂಡು ಎರಡನ್ನೂ ಒಂದಕ್ಕೆ ಸುರಿದಿರ್ಬೇಕು. ಇನ್ಯಾರು? ಈ ಹುಡುಗನಿಗೆ ಕಣ್ಣಿದೆ. ಮಟ್ಟ ಕಡಿಮೆ ಇದೆ ಅಂತ ಹೇಳ್ದ. ನಾನು ದೋಣೀಲಿ ಇಟ್ಕೋ ಅಂದೆ."

ಅವನೇ ಹಾಗೆ ಹೇಳಿದ ಮೇಲೆ ನಾನು ಏನು ಹೇಳುವುದು? ಈಗ ಬಾಯಿ ಬಿಟ್ಟರೆ ಬೆರಳು ವಾಪಸ್ ಬರುತ್ತದೆಯೇ? ನನ್ನನ್ನು ಪೊಲೀಸರು ಕರೆಯುತ್ತಾರೆ, ಅವನಿಗೆ ಇನ್ನೊಂದು ಸಂಕಟ. ಕಣ್ಣು ಕಾಣದೆಯೇ ತುಂಬಿದ್ದಂತೂ ಸುಳ್ಳಲ್ಲವಲ್ಲ.

ನವೆಂಬರ್ 3, ಭಾನುವಾರ

ಲೇಸ್ಯಾ ಬಂದಿದ್ದರು, ಅಮ್ಮನ ಹೊಲಿಗೆ ಯಂತ್ರ ಒಯ್ಯಲು. ಅಪ್ಪ ಅಡುಗೆಮನೆಯಲ್ಲಿ ಪೆರೋಗಿ ಬೇಯಿಸಿಟ್ಟು ಕಾಯುತ್ತಿದ್ದ. ಒಂದೊಂದೂ ಒಂದೊಂದು ಆಕಾರ. ಅವರು ಅತ್ತ ತಿರುಗಿಯೂ ನೋಡಲಿಲ್ಲ.

"ಒಂದು ತಿಂದ್ಹೋಗಮ್ಮ."

"ಹಸಿವಿಲ್ಲ."

"ಎಷ್ಟು ಸಲ ಹೇಳಿದ್ದೆ ನೀನು, ಅಪ್ಪಾ ಕಣ್ಣಿನ ಆಪರೇಷನ್ ಆಗ್ಲಿ, ಅಲ್ಲಿವರೆಗೂ ಮದ್ದು ಮುಟ್ಬೇಡ ಅಂತ. ನಾನು..."

"ಅಪ್ಪಾ, ಸಾಕು."

ಯಂತ್ರವನ್ನು ನಾನೇ ಗಾಡಿಗೆ ಹೊತ್ತೆ. ಅಂಗಡಿ ಮಾರುತ್ತಾರಂತೆ. ಎಡಗೈಗೆ ಕೂದಲು ಹಿಡಿಯಲು ಆಗುವುದಿಲ್ಲ, ಜಾರುತ್ತದೆ. ಬಾಗಿಲು ಹಾಕುವ ಮೊದಲು ನನ್ನನ್ನು ನೋಡಿದರು.

"ಮಟ್ಟ ಕಡಿಮೆ ಇದೆ ಅಂತ ನೀನು ಹೇಳಿದ್ಯಂತೆ."

"ಹೂಂ."

"ಒಂದೇ ಸಲ ಯಾಕೆ ಹೇಳ್ದೆ?"

ಗಾಡಿ ಚಾಲೂ ಇತ್ತು. ಹೊಗೆ ನಮ್ಮಿಬ್ಬರ ನಡುವೆ ಬರುತ್ತಿತ್ತು.

"ಎರಡು ಸಲ ಹೇಳ್ದೆ," ಎಂದೆ.

ನಿಜವೇ. "ಮಟ್ಟ ಕಡಿಮೆ" ಎಂದೆ, ಅವನು "ಏನು" ಎಂದ, ಮತ್ತೆ "ಕೆಳಗಿದೆ" ಎಂದೆ. ಎರಡಾಯಿತು.

ಅವರು ಗಾಡಿಯ ಬಾಗಿಲು ಹಾಕಲಿಲ್ಲ. "ನನ್ನ ಹತ್ರ ಯಾಕೆ ಹೇಳ್ಲಿಲ್ಲ ಸೆಲ್ಬಿ? ತೋಟಾ ಎರಡು ವಾರ ನನ್ನ ಮನೇಲಿತ್ತು."

ಏನೇನೋ ಕೇಳುತ್ತಾರೆ. ನೋವು ಇರುವವರು ಹಾಗೇ. ಕೂದಲು ಉದ್ದ ಬೆಳೆದಿದೆ, ಬೇರೆ ಕಡೆ ಹೋಗಬೇಕು.

ನವೆಂಬರ್ 24, ಭಾನುವಾರ

ಮುದುಕ ಬಂದೂಕುಗಳನ್ನೆಲ್ಲ ಮಾರಿಬಿಟ್ಟ. ಲೈಸೆನ್ಸ್ ವಾಪಸ್ ಕಳಿಸಿದ. ಇವತ್ತು ನನ್ನನ್ನು ಕೂಗಿ, ಮೇಜು, ತಕ್ಕಡಿ ಎಲ್ಲ ನಿನಗೇ ಎಂದ.

"ನನಗೆ ಯಾಕೆ ಕೊಡ್ತೀರಾ?"

"ಎಚ್ಚರಿಕೆ ಹೇಳಿದವನು ನೀನೊಬ್ಬನೇ ಅಲ್ವೇನೋ ಸೆಲ್ಬಿ."

ಕೊನೆಗೂ ಹೆಸರು ಹಿಡಿದು ಕರೆದ. ಬದಲಿಗೆ ಅಜ್ಜನ ಚಮಚ ಕೇಳಿದ. ಕೊಟ್ಟೆ. ಅದನ್ನು ಅಡುಗೆಮನೆಯಲ್ಲಿ, ತಾನು ಊಟಕ್ಕೆ ಕೂರುವ ಜಾಗದ ಎದುರಿಗೇ ಮೊಳೆ ಹೊಡೆದು ನೇತುಹಾಕಿದ್ದಾನೆ. ಉಣ್ಣುವಾಗ ಅದನ್ನೇ ನೋಡುತ್ತಾನೆ. ನಾನು ಈಗ ಕೆಳಗೇ ಊಟ ಮಾಡುತ್ತೇನೆ.

ತಕ್ಕಡಿ ಒಳ್ಳೆಯದು. ಹಳೆಯ ಕಾಲದ್ದು, ಈಗ ಇಂಥದ್ದು ಸಿಗುವುದಿಲ್ಲ. ಸದ್ಯಕ್ಕೆ ಬೇರೆ ಊರಿಗೆ ಹೋಗುವ ಯೋಚನೆ ಬಿಟ್ಟಿದ್ದೇನೆ.

ಡಿಸೆಂಬರ್ 7, ಶನಿವಾರ

ಹೊಸದಾಗಿ ತೋಟಾ ತುಂಬಲು ಕಲಿಯುವವರಿಗೆ ಕ್ಲಬ್ಬಿನಲ್ಲಿ ಇವತ್ತು ಪಾಠ ಇಟ್ಟಿದ್ದರು. ಹೇಳಿಕೊಡಲು ವರ್ನ್ ನನ್ನನ್ನೇ ಕರೆದ. ಇಪ್ಪತ್ತೆರಡು ಜನ ಬಂದಿದ್ದರು. ಮೊದಲು ಬಾಯಿ ಒಣಗಿತು, ಆಮೇಲೆ ಸರಾಗವಾಯಿತು.

ತೂಗಿ, ಆದರೆ ತೂಕ ಒಂದನ್ನೇ ನಂಬಬೇಡಿ, ಎಂದೆ. ತೂಕ ಎಷ್ಟಿದೆ ಎಂದು ಹೇಳುತ್ತದೆ, ಏನಿದೆ ಎಂದು ಹೇಳುವುದಿಲ್ಲ. ಕೊಳವೆಯಲ್ಲಿ ಮಟ್ಟವನ್ನೂ ನೋಡಿ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಗುಂಡು ಕೂರಿಸಿ. ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನ ಒಬ್ಬ ಪ್ಲಾಸ್ಟಿಕ್ ಅಳತೆ ಚಮಚ ತಂದಿದ್ದ. "ಟೀ ಮಾಡಕ್ಕೆ ಬಂದ್ಯಾ ಗುರು?" ಎಂದೆ. ಒಳ್ಳೆಯ ನಗು ಬಂತು. ಅವನ ಮುಖ ಕೆಂಪಾಯಿತು, ಚಮಚ ಜೇಬಿಗೆ ಹೋಯಿತು.

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಮೇಜಿನ ಮೇಲೆ ಒಂದೇ ಡಬ್ಬಿ. ವರ್ನ್ ಅದರ ಕೆಳಗೆ ನನ್ನ ಹೆಸರು ಸೇರಿಸಿದ.

ಮುದುಕನೂ ಬಂದು ಕೊನೆಯ ಕುರ್ಚಿಯಲ್ಲಿ ಕೂತಿದ್ದ. ಒಂದು ಕಣ್ಣಿನ ಆಪರೇಷನ್ ಆಗಿದೆ, ಪಟ್ಟಿ ಇನ್ನೂ ತೆಗೆದಿಲ್ಲ. ಯಾರೋ ಹೆಂಗಸು ಆ ದಿನದ ಸಂಗತಿ ಎತ್ತಿದಳು. "ನಿಮಗೆ ಮೊದಲೇ ಅನುಮಾನ ಬಂದಿತ್ತಂತೆ, ಹೌದಾ?"

"ಮೂರು ಸಲ ಹೇಳಿದ್ದೆ," ಎಂದೆ.

ಹೇಳಿದ ಮೇಲೆ ಗೊತ್ತಿಲ್ಲದೆ ಹಿಂದಿನ ಕುರ್ಚಿಯ ಕಡೆ ನೋಡಿದೆ. ಮುದುಕ ತಲೆ ಓರೆ ಮಾಡಿ, ಒಂದೇ ಕಣ್ಣಿನಲ್ಲಿ ಏನನ್ನೋ ಹುಡುಕುವವನಂತೆ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಎದ್ದು ನಿಂತ.

"ಹೌದು ಕಣಮ್ಮಾ, ಮೂರು ಸಲ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ಅವನೇ ಹೇಳಿದ ಮೇಲೆ ಮುಗಿಯಿತು.